ನೀರಿನ ಗೆಡ್ಡೆಯೋ ಹಿಟ್ಟಿನ ಗೆಡ್ಡೆಯೋ: ಯಾಮ್‌ಬೀನ್ ನಾಟಿ ತಳಿಗಳಲ್ಲಿ ಯಾವುದನ್ನು ಆರಿಸಬೇಕು?

ದ್ವಿದಳ ಧಾನ್ಯಗಳ ಕುಟುಂಬದಲ್ಲಿ ಕಾಳನ್ನು ಬಿಟ್ಟು ಗೆಡ್ಡೆಯನ್ನು ತಿನ್ನುವ ಬೆಳೆಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಯಾಮ್‌ಬೀನ್‌ನಷ್ಟು ದೂರ ಹಬ್ಬಿದ್ದು ಬೇರೊಂದಿಲ್ಲ. ಬಿಹಾರದಲ್ಲಿ ಮಿಶ್ರಿಕಂದ, ಬಂಗಾಳದಲ್ಲಿ ಶಾಂಖಾಲು, ಫಿಲಿಪ್ಪೀನ್ಸ್‌ನಲ್ಲಿ ಸಿಂಗ್‌ಕಮಾಸ್, ಇಂಡೊನೇಷ್ಯಾದಲ್ಲಿ ಬೆಂಕುವಾಂಗ್, ಹುಟ್ಟೂರಾದ ಮೆಕ್ಸಿಕೊದಲ್ಲಿ ಜಿಕಾಮ. ಸ್ಪೇನಿನವರು ಮೆಕ್ಸಿಕೊದಿಂದ ಫಿಲಿಪ್ಪೀನ್ಸ್‌ಗೆ ಒಯ್ದ ಬೀಜ ಅಲ್ಲಿಂದ ಆಗ್ನೇಯ ಏಷ್ಯಾ, ಚೀನಾ, ಭಾರತಗಳಿಗೆ ಹರಡಿತು.

ಈಗ ಬೀಜ ಮಾರುವವರೂ ಗೆಡ್ಡೆ ಬೆಳೆಗಳ ಆಸಕ್ತರೂ ಇವೆಲ್ಲವನ್ನೂ ಒಂದೇ ಹೆಸರಿನಡಿ ತಂದು ನಿಲ್ಲಿಸುತ್ತಿದ್ದಾರೆ. ಬಿತ್ತುವವರಿಗೆ ನಷ್ಟವಾಗುವುದು ಇಲ್ಲಿಯೇ. ಯಾಮ್‌ಬೀನ್ ಎಂಬ ಒಂದೇ ಹೆಸರಿನಲ್ಲಿ ಸಾಗುವಳಿಯ ಮೂರು ಜಾತಿಗಳಿವೆ. ಪ್ರತಿ ಜಾತಿಯೊಳಗೂ ಗೆಡ್ಡೆಯ ಆಕಾರ, ಬಣ್ಣ, ರಸ, ಹಿಟ್ಟು ಎಲ್ಲವೂ ಬೇರೆಬೇರೆಯಾದ ನಾಟಿ ತಳಿಗಳಿವೆ. ಪ್ಯಾಕಿರೈಜಸ್ ಇರೋಸಸ್ ಎಂಬುದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ್ದು, ಭಾರತದಲ್ಲಿರುವುದೂ ಇದೇ. ಪ್ಯಾಕಿರೈಜಸ್ ಟ್ಯೂಬರೋಸಸ್ ಅಮೆಜಾನ್ ಜಲಾನಯನ ಪ್ರದೇಶ ಮತ್ತು ಈಕ್ವೆಡಾರ್‌ನದು. ಪ್ಯಾಕಿರೈಜಸ್ ಅಹಿಪಾ ಬೊಲಿವಿಯಾ ಹಾಗೂ ಉತ್ತರ ಅರ್ಜೆಂಟೀನಾದ ಆಂಡಿಸ್ ಕಣಿವೆಗಳದು.

ಹೆಚ್ಚಿನವರು ಗೆಡ್ಡೆಯ ಗಾತ್ರ ನೋಡಿ ತಳಿ ಆರಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಗಾತ್ರ ಕೊನೆಯಲ್ಲಿ ನೋಡಬೇಕಾದ ಸಂಗತಿ. ಮೊದಲು ನೋಡಬೇಕಾದದ್ದು ಗೆಡ್ಡೆಯಲ್ಲಿ ನೀರು ಎಷ್ಟು, ಒಣ ಅಂಶ ಎಷ್ಟು ಎಂಬುದನ್ನು. ಎರಡನೆಯದು ನೀವು ಬೆಳೆಯುವ ಜಾಗದ ಹಗಲಿನ ಉದ್ದ. ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಅರ್ಧಕ್ಕಿಂತ ಹೆಚ್ಚು ತಳಿಗಳು ತಾವಾಗಿಯೇ ಪಟ್ಟಿಯಿಂದ ಹೊರಗುಳಿಯುತ್ತವೆ.

ನೀರು ಮತ್ತು ಹಿಟ್ಟು

ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಜಿಕಾಮದಲ್ಲಿ 100 ಗ್ರಾಂಗೆ ಸುಮಾರು 90 ಗ್ರಾಂ ನೀರೇ ಇರುತ್ತದೆ. ಶಕ್ತಿ 40 ಕ್ಯಾಲೊರಿಗೂ ಕಡಿಮೆ, ನಾರು 5 ಗ್ರಾಂ ಹತ್ತಿರ, ವಿಟಮಿನ್ ಸಿ ಸುಮಾರು 20 ಮಿಲಿಗ್ರಾಂ. ಕಚ್ಚಿದರೆ ಗರಿಗರಿ, ತುಸು ಸಿಹಿ, ಬಾಯಾರಿಕೆಗೆ ಹಿತ. ಮೆಕ್ಸಿಕೊದವರು ನಿಂಬೆರಸ ಹಿಂಡಿ, ಮೆಣಸಿನಪುಡಿ ಉದುರಿಸಿ ಹಸಿಯಾಗಿಯೇ ತಿನ್ನುವುದು ಇದರ ಗುಣಕ್ಕೆ ತಕ್ಕ ಮರ್ಯಾದೆ. ಇದನ್ನು ಬೇಯಿಸಿ ಹೊಟ್ಟೆ ತುಂಬಿಸಿಕೊಳ್ಳುತ್ತೇನೆಂದು ಹೊರಟವರಿಗೆ ಸಿಗುವುದು ನೀರೊಡೆದ ಹೋಳುಗಳು ಮಾತ್ರ.

ಈಗ ಪೆರುವಿಗೆ ಬನ್ನಿ. ಉಕಯಾಲಿ ನದಿಯ ದಂಡೆಯಲ್ಲಿ ಶಿಪಿಬೊ ಸಮುದಾಯದವರು ಬೆಳೆಯುವ ಚುಯಿನ್ ಎಂಬ ತಳಿಗುಂಪು ಟ್ಯೂಬರೋಸಸ್ ಜಾತಿಯದು. ಅದರಲ್ಲಿ ಒಣ ಅಂಶ ಶೇ 26ರಿಂದ 36ರವರೆಗೆ ಇರುತ್ತದೆ, ಅಂದರೆ ಜಿಕಾಮದ ಮೂರು ಪಟ್ಟು. ಇದನ್ನು ಯಾರೂ ಹಸಿಯಾಗಿ ತಿನ್ನುವುದಿಲ್ಲ. ಮರಗೆಣಸಿನ ಹಾಗೆ ಬೇಯಿಸಿಯೇ ತಿನ್ನುತ್ತಾರೆ. ಚುಯಿನ್‌ನೊಳಗೂ ಬಿಳಿ, ಹಳದಿ, ನೇರಳೆ ಎಂದು ಮೂರು ಬಗೆಗಳನ್ನು ಅಲ್ಲಿನ ಬೆಳೆಗಾರರು ಗುರುತಿಸುತ್ತಾರೆ. ಅದೇ ಟ್ಯೂಬರೋಸಸ್ ಜಾತಿಯ ಆಶಿಪಾ ಗುಂಪು ಮಾತ್ರ ನೀರು ತುಂಬಿದ ಗೆಡ್ಡೆ ಕೊಡುತ್ತದೆ, ಹಸಿಯಾಗಿ ತಿನ್ನಲು ಯೋಗ್ಯ. ಈಕ್ವೆಡಾರ್‌ನ ಕರಾವಳಿಯ ಮನಾಬಿ ಪ್ರಾಂತ್ಯದಲ್ಲಿ ಉಳಿದುಕೊಂಡಿರುವ ಹೀಕಿಮಾ ಗುಂಪೂ ಈ ರಸಭರಿತ ಕಡೆಗೇ ಸೇರುತ್ತದೆ. ಒಂದೇ ಜಾತಿಯೊಳಗೆ ಒಂದು ಗುಂಪು ಹಣ್ಣಿನ ಜಾಗದಲ್ಲಿ, ಇನ್ನೊಂದು ಅನ್ನದ ಜಾಗದಲ್ಲಿ ನಿಂತಿದೆ. ಈ ವೈವಿಧ್ಯವನ್ನು ಶತಮಾನಗಳ ಕಾಲ ಆರಿಸಿ ಉಳಿಸಿದವರು ಹೊಳೆದಂಡೆಯ ಬೆಳೆಗಾರರು ಎಂಬುದನ್ನು ನೆನೆದರೆ ನನಗೆ ಅವರ ಬಗ್ಗೆ ಅಪಾರ ಗೌರವ ಹುಟ್ಟುತ್ತದೆ.

ಹೀಗಾಗಿ ಬೀಜ ಕೊಡುವವರು "ಟ್ಯೂಬರೋಸಸ್" ಎಂದಷ್ಟೇ ಹೇಳಿದರೆ ಅರ್ಧ ಮಾಹಿತಿ ಕೊಟ್ಟಂತೆ. ಚುಯಿನ್ ಹೌದೋ ಅಲ್ಲವೋ ಎಂದು ಕೇಳಿಯೇ ಮುಂದುವರಿಯಿರಿ.

ಇರೋಸಸ್ ಜಾತಿಯೊಳಗೆ ವ್ಯತ್ಯಾಸ ಇಷ್ಟು ದೊಡ್ಡದಲ್ಲ, ಆದರೂ ಇದೆ. ಮೆಕ್ಸಿಕೊದಲ್ಲಿ ಎರಡು ಬಗೆ ಹೇಳುತ್ತಾರೆ: ನೀರಿನ ಜಿಕಾಮ, ಹಾಲಿನ ಜಿಕಾಮ. ನೀರಿನದು ಬುಗುರಿಯ ಆಕಾರದಿಂದ ಹಿಡಿದು ಚಪ್ಪಟೆ ಗುಂಡಗಿನವರೆಗೆ ಇರುತ್ತದೆ, ರಸ ತಿಳಿಯಾಗಿರುತ್ತದೆ. ಹಾಲಿನದು ಉದ್ದನೆಯ ಗೆಡ್ಡೆ, ರಸ ಬೆಳ್ಳಗೆ. ಮಾರುಕಟ್ಟೆ ಗೆದ್ದದ್ದು ನೀರಿನ ಬಗೆ. ಗುಂಡಗಿರುವುದರಿಂದ ಕೀಳುವುದು, ಸಾಗಿಸುವುದು, ಸಿಪ್ಪೆ ತೆಗೆಯುವುದು ಎಲ್ಲವೂ ಸಲೀಸು. ಉದ್ದ ಗೆಡ್ಡೆ ಗಟ್ಟಿ ಮಣ್ಣಿನಲ್ಲಿ ಕೀಳುವಾಗ ಮುರಿಯುತ್ತದೆ. ಅದಕ್ಕೆ ಆಳವಾದ, ಸಡಿಲ ಮರಳುಮಿಶ್ರಿತ ಮಣ್ಣು ಬೇಕೇ ಬೇಕು.

ಬಗೆ ಯಾವುದೆಂದು ತಿಳಿಯಲು ಒಂದು ಗೆಡ್ಡೆ ಕೈಗೆ ಸಿಕ್ಕರೆ ಸಾಕು. ಬುಡದ ಕಡೆಯಿಂದ ಚಾಕುವಿನ ಮೊನೆ ತೂರಿಸಿ ಸಿಪ್ಪೆಯನ್ನು ಎಳೆಯಿರಿ. ಒಳ್ಳೆಯ ಎಳೆಯ ಗೆಡ್ಡೆಯ ಸಿಪ್ಪೆ ಪಟ್ಟಿಪಟ್ಟಿಯಾಗಿ ಕೆಳಗಿನವರೆಗೂ ಕಿತ್ತು ಬರುತ್ತದೆ, ಅದರ ಕೆಳಗೆ ತೆಳುವಾದ ನಾರಿನ ಪದರವೂ ಅಂಟಿಕೊಂಡೇ ಬರುತ್ತದೆ. ಆ ಪದರ ತಿರುಳಿಗೇ ಅಂಟಿ ಉಳಿದು, ಚಾಕು ಹಾಕಿದಾಗ ಎಳೆಎಳೆಯಾಗಿ ಎದ್ದರೆ ಗೆಡ್ಡೆ ಬಲಿತಿದೆ ಎಂದರ್ಥ. ನಡುವೆ ಅಡ್ಡಲಾಗಿ ಕತ್ತರಿಸಿ, ಕೊಯ್ದ ಮುಖದ ಮೇಲೆ ಮೂಡುವ ಹನಿಯನ್ನು ನೋಡಿ: ಗಾಜಿನಂತೆ ತಿಳಿಯೋ, ಮಬ್ಬು ಬಿಳುಪೋ. ಆಮೇಲೆ 100 ಗ್ರಾಂ ತಿರುಳನ್ನು ತುರಿದು, ತಟ್ಟೆಯಲ್ಲಿ ತೆಳ್ಳಗೆ ಹರಡಿ, ಮುರಿದರೆ ಪುಡಿಯಾಗುವಷ್ಟು ಒಣಗಿಸಿ ತೂಗಿ. ಉಳಿದದ್ದು 10-12 ಗ್ರಾಂ ಆದರೆ ಅದು ಹಸಿಯಾಗಿ ತಿನ್ನುವ ಗೆಡ್ಡೆ. 25 ಗ್ರಾಂ ದಾಟಿದರೆ ಒಲೆಯ ಮೇಲಿಡುವ ಗೆಡ್ಡೆ. ನಡುವಿನವು ಎರಡಕ್ಕೂ ಸಲ್ಲುತ್ತವೆ, ಆದರೆ ಎರಡರಲ್ಲೂ ಅತ್ಯುತ್ತಮವಾಗಿರುವುದಿಲ್ಲ. ತಳಿ ಹೋಲಿಸಲು ಇದಕ್ಕಿಂತ ಪ್ರಾಮಾಣಿಕ ಅಳತೆ ನನಗೆ ಗೊತ್ತಿಲ್ಲ. ಪ್ರಯೋಗಾಲಯವೂ ಮಾಡುವುದು ಇದನ್ನೇ, ಒಲೆಯ ಬದಲು ಓವನ್‌ನಲ್ಲಿ, ಅಷ್ಟೇ.

ಭಾರತದೊಳಗಿನ ಆಯ್ಕೆ: ಚಿಕ್ಕದೋ ದೊಡ್ಡದೋ

ಬಿಹಾರ, ಪಶ್ಚಿಮ ಬಂಗಾಳ, ಒಡಿಶಾ, ಅಸ್ಸಾಂಗಳಲ್ಲಿ ಬೆಳೆಯುವ ಮಿಶ್ರಿಕಂದವನ್ನು ಕೃಷಿ ತಜ್ಞರು ಎರಡಾಗಿ ವಿಂಗಡಿಸುತ್ತಾರೆ. ಮೊದಲನೆಯದು ಸ್ಥಳೀಯ ಬಗೆ. 200-300 ಗ್ರಾಂ ತೂಗುವ ಚಿಕ್ಕ ಗೆಡ್ಡೆ, ಶಂಕುವಿನ ಆಕಾರ, ತೆಳು ಬಿಳಿ ಸಿಪ್ಪೆ, ಮೆದು ತಿರುಳು, ಕಡಿಮೆ ನಾರು, ಒಳ್ಳೆಯ ಸಿಹಿ. ಎರಡನೆಯದು ಮೆಕ್ಸಿಕನ್ ಬಗೆ. ಒಂದೂವರೆಯಿಂದ ಎರಡು ಕಿಲೊವರೆಗೆ ತೂಗುವ ಗುಂಡು ಗೆಡ್ಡೆ, ಸಿಹಿ ಕಡಿಮೆ, ಬಲಿತಾಗ ಬಿರುಕು ಬಿಡುವ ಸ್ವಭಾವ.

ಕಾಗದದ ಮೇಲೆ ನೋಡಿದರೆ ದೊಡ್ಡದೇ ಲಾಭ ಎನ್ನಿಸುತ್ತದೆ. ನಾನು ಸ್ಥಳೀಯ ಬಗೆಯ ಪರ. ಚಿಕ್ಕ ಗೆಡ್ಡೆಯನ್ನು ಒಬ್ಬರು ಒಂದೇ ಬಾರಿಗೆ ತಿಂದು ಮುಗಿಸಬಹುದು. ದೊಡ್ಡದನ್ನು ಕತ್ತರಿಸಿದರೆ ಉಳಿದ ಭಾಗ ಒಣಗಿ ರುಚಿಗೆಡುತ್ತದೆ. ಬಿರುಕು ಬಿಟ್ಟ ಗೆಡ್ಡೆಯೊಳಗೆ ಮಣ್ಣು ಸೇರಿ ಕೊಳೆ ಶುರುವಾಗುತ್ತದೆ, ಅದನ್ನು ಕೂಡಿಡುವಂತಿಲ್ಲ. ತೂಕದ ಲೆಕ್ಕದಲ್ಲಿ ಗೆದ್ದದ್ದರಲ್ಲಿ ಒಂದು ಪಾಲು ಕೊಳೆಯಲ್ಲಿ ಹೋಗುತ್ತದೆ. ಗೆಡ್ಡೆಯನ್ನು ಹೋಳು ಮಾಡಿ ಮಾರುವ ವ್ಯವಸ್ಥೆ ಇರುವವರಿಗೆ, ಕಿತ್ತ ಕೂಡಲೇ ಎಲ್ಲವನ್ನೂ ಸಾಗಿಸುವವರಿಗೆ ಮೆಕ್ಸಿಕನ್ ಬಗೆ ಸರಿ; ಆದರೆ ಬಿರುಕು ಮೂಡುವ ಮೊದಲೇ ಕೀಳಬೇಕು. ಇವೆರಡರ ನಡುವಿನ ದಾರಿಯಾಗಿ ಬಿಹಾರದ ರಾಜೇಂದ್ರ ಕೃಷಿ ವಿಶ್ವವಿದ್ಯಾಲಯದಿಂದ ಬಂದ ರಾಜೇಂದ್ರ ಮಿಶ್ರಿಕಂದ-1 ಎಂಬ ಸುಧಾರಿತ ತಳಿಯೂ ಇದೆ.

ಗಾತ್ರವನ್ನು ತಳಿಯೊಂದೇ ನಿರ್ಧರಿಸುವುದಿಲ್ಲ ಎಂಬುದನ್ನೂ ಮರೆಯಬಾರದು. ದೂರದೂರ ಬಿತ್ತಿ, ಹೆಚ್ಚು ಕಾಲ ನೆಲದಲ್ಲಿ ಬಿಟ್ಟರೆ ಸಾಧಾರಣ ತಳಿಯೂ ದಪ್ಪವಾಗುತ್ತದೆ. ಜಿಕಾಮ ಗೆಡ್ಡೆ 20 ಕಿಲೊವರೆಗೂ ಬೆಳೆದ ಉದಾಹರಣೆಗಳಿವೆ. ಅಂಥದ್ದು ನೋಡಲು ಚೆಂದ, ತಿನ್ನಲು ನಾರು.

ಹಗಲಿನ ಉದ್ದ ತಿಳಿಯದೆ ಬಿತ್ತಬೇಡಿ

ಇರೋಸಸ್ ಮತ್ತು ಟ್ಯೂಬರೋಸಸ್ ಬಳ್ಳಿಗಳು ಗೆಡ್ಡೆ ಕಟ್ಟುವುದು ಹಗಲು ಕುಗ್ಗತೊಡಗಿದಾಗ. ಬಿಹಾರದಲ್ಲಿ ಮುಂಗಾರಿನ ಆರಂಭದಿಂದ ಬಿತ್ತಿ ಚಳಿಗಾಲದಲ್ಲಿ ಕೀಳುವುದರ ಹಿಂದಿನ ಗುಟ್ಟು ಇದೇ. ಉದ್ದ ಹಗಲಿನಲ್ಲಿ ಬಳ್ಳಿ ನಾಲ್ಕೈದು ಮೀಟರ್ ಹಬ್ಬುತ್ತದೆ, ಎಲೆ ಮೇಲೆ ಎಲೆ ಬರುತ್ತದೆ, ನೆಲದೊಳಗೆ ಬೆರಳುಗಾತ್ರದ ಬೇರು ಮಾತ್ರ ಇರುತ್ತದೆ. ಭೂಮಧ್ಯರೇಖೆಯಿಂದ ದೂರ ಸರಿದಷ್ಟೂ ಹಗಲು ಕುಗ್ಗುವ ಹೊತ್ತಿಗೆ ಚಳಿ ಬಂದುಬಿಡುತ್ತದೆ, ಮಂಜು ಹೆಪ್ಪುಗಟ್ಟಿದರೆ ಬಳ್ಳಿ ಸಾಯುತ್ತದೆ. ಅಂಥಲ್ಲಿ ಜಿಕಾಮ ಬಿತ್ತಿ ಬರಿಗೈಯಲ್ಲಿ ನಿಂತವರು ಬಹಳ.

ಅಂಥ ಜಾಗಗಳಿಗೆ ಅಹಿಪಾ ಇದೆ. ಇದು ಹಗಲಿನ ಉದ್ದಕ್ಕೆ ಸೊಪ್ಪು ಹಾಕುವುದಿಲ್ಲ. ಎತ್ತರದ ಕಣಿವೆಗಳ ತಂಪಿನಲ್ಲಿ ಬೆಳೆದು ಬಂದಿದೆ. ಬಹುಪಾಲು ತಳಿಗಳು ಬಳ್ಳಿಯಾಗದೆ ಕುಳ್ಳ ಪೊದೆಯಂತೆ ನಿಲ್ಲುತ್ತವೆ. ಹಂದರ ಬೇಡ, ಹತ್ತಿರ ಹತ್ತಿರ ಬಿತ್ತಬಹುದು. ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವ ಸಸ್ಯವಾದ್ದರಿಂದ ತಳಿಶುದ್ಧಿ ಉಳಿಸುವುದೂ ಸುಲಭ. ಗೆಡ್ಡೆ ಚಿಕ್ಕದು, ರಸಭರಿತ, ಹಸಿಯಾಗಿಯೇ ಹಿತ. ಬೊಲಿವಿಯಾದ ಲಾ ಪಾಜ್‌ನಲ್ಲಿ ಕಾರ್ಪಸ್ ಕ್ರಿಸ್ಟಿ ಹಬ್ಬದ ಹೊತ್ತಿಗೆ ಹಣ್ಣುಗಳ ಜೊತೆ ಅಹಿಪಾ ಗೆಡ್ಡೆಗಳೂ ಮಾರಾಟಕ್ಕೆ ಬರುತ್ತವೆ. ಕಾಡಿನಲ್ಲಿ ತಾನಾಗಿ ಬೆಳೆಯುವ ಅಹಿಪಾ ಎಲ್ಲಿಯೂ ಕಂಡುಬಂದಿಲ್ಲ. ರೈತರ ಹೊಲದಲ್ಲಿ ಅಳಿದರೆ ಅದು ಜಗತ್ತಿನಿಂದಲೇ ಅಳಿದಂತೆ. ಅಹಿಪಾ ಬೆಳೆಯಲು ಅನುಕೂಲವಿರುವವರು ಒಂದು ಸಾಲಾದರೂ ಬೆಳೆಯಲಿ ಎಂದು ನಾನು ಒತ್ತಿ ಹೇಳುವುದು ಅದಕ್ಕಾಗಿ.

ಅಹಿಪಾದ ಕೊರತೆ ಇಳುವರಿ. ಹವಾಮಾನ ಒಪ್ಪುವ ಕಡೆ ಇರೋಸಸ್ ಜೊತೆ ಪೈಪೋಟಿಗೆ ಇಳಿಸಿದರೆ ಅದು ಹಿಂದೆ ಬೀಳುತ್ತದೆ.

ಹೂವು ಚಿವುಟುವ ಕೆಲಸಕ್ಕೆ ಕೈ ಇದೆಯೇ?

ಯಾವ ತಳಿ ಆರಿಸಿದರೂ ಗೆಡ್ಡೆ ಬೇಕೆಂದರೆ ಹೂವನ್ನು ಬಿಡಬಾರದು. ಕಾಯಿ ಕಟ್ಟಲು ಬಿಟ್ಟ ಗಿಡ ತನ್ನ ಸಾರವನ್ನೆಲ್ಲ ಬೀಜಕ್ಕೆ ಕೊಡುತ್ತದೆ, ಗೆಡ್ಡೆ ಸೊರಗುತ್ತದೆ. ಹೂ ಗೊಂಚಲುಗಳನ್ನು ಕಾಣಿಸಿಕೊಂಡ ಹಾಗೆ ಚಿವುಟುತ್ತಾ ಹೋಗುವುದು ಮೆಕ್ಸಿಕೊದಲ್ಲೂ ಭಾರತದಲ್ಲೂ ನಡೆದುಬಂದಿರುವ ಪದ್ಧತಿ. ಇದು ಒಂದು ದಿನದ ಕೆಲಸವಲ್ಲ. ಹೂವು ಮತ್ತೆ ಮತ್ತೆ ಬರುತ್ತಿರುತ್ತದೆ. ದೊಡ್ಡ ಜಮೀನಿನಲ್ಲಿ ಬೆಳೆಯುವವರಿಗೆ ಕೂಲಿಯ ದೊಡ್ಡ ಪಾಲು ಇಲ್ಲೇ ಹೋಗುತ್ತದೆ. ಕೆಲಸದವರು ಸಿಗದ ಕಡೆ ಬೆಳೆಯುವುದಾದರೆ ತಡವಾಗಿ, ಕಡಿಮೆ ಹೂವು ಬಿಡುವ ತಳಿಯನ್ನು ಹುಡುಕುವುದು ಗೆಡ್ಡೆಯ ಆಕಾರಕ್ಕಿಂತ ಮುಖ್ಯ.

ಕಾಯಿ, ಬೀಜಗಳ ವಿಷಯದಲ್ಲಿ ತಳಿಯ ಭೇದವಿಲ್ಲದೆ ಪಾಲಿಸಬೇಕಾದ ಎಚ್ಚರವೊಂದಿದೆ. ಬಲಿತ ಬೀಜದಲ್ಲಿ ರೊಟೆನೋನ್ ಎಂಬ ವಿಷವಿದೆ. ಕೀಟನಾಶಕವಾಗಿ, ಮೀನು ಹಿಡಿಯುವ ವಿಷವಾಗಿ ಬಳಕೆಯಾದ ವಸ್ತು ಅದು. ಕಾಳಿನಲ್ಲಿ ಎಣ್ಣೆಯೂ ಪ್ರೋಟೀನೂ ಹೇರಳವಾಗಿದ್ದರೂ ತಿನ್ನುವಂತಿಲ್ಲ. ಅವರೆಕಾಳೆಂದು ತಿಳಿದು ಬೇಯಿಸಿ ತಿಂದವರಿಗೆ ವಿಷಬಾಧೆಯಾದ ಪ್ರಕರಣಗಳು ತೈವಾನ್, ಥಾಯ್ಲೆಂಡ್‌ಗಳಿಂದ ವರದಿಯಾಗಿವೆ. ಎಲೆಗಳನ್ನು ದನಕ್ಕೆ ಹಾಕುವ ಮೊದಲೂ ಯೋಚಿಸಿ. ಗೆಡ್ಡೆ ಮಾತ್ರ ನಿರಪಾಯ. ಕಾಳು, ಗೆಡ್ಡೆ ಎರಡೂ ಬೇಕೆನ್ನುವವರು ಯಾಮ್‌ಬೀನ್ ಬಿಟ್ಟು ರೆಕ್ಕೆ ಅವರೆಯ ಕಡೆ ನೋಡುವುದು ಒಳಿತು. ಪಪುವಾ ನ್ಯೂಗಿನಿಯ ಎತ್ತರದ ನಾಡಿನಲ್ಲೂ ಮ್ಯಾನ್ಮಾರ್‌ನಲ್ಲೂ ಅದರ ಗೆಡ್ಡೆಯನ್ನು ತಿನ್ನುತ್ತಾರೆ, ಎಳೆ ಕಾಯಿಯೂ ಕಾಳೂ ಅಡುಗೆಗೆ ಬರುತ್ತವೆ. ಗೆಡ್ಡೆ ಸಣ್ಣದು, ಆದರೆ ಪ್ರೋಟೀನ್‌ನಲ್ಲಿ ಯಾಮ್‌ಬೀನ್ ಅದರ ಹತ್ತಿರಕ್ಕೂ ಬರುವುದಿಲ್ಲ.

ಮಣ್ಣಿನ ದೃಷ್ಟಿಯಿಂದ ಮೂರೂ ಜಾತಿಗಳು ಒಂದೇ. ಬೇರುಗಂಟುಗಳಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಬೇರೆ ಗೆಡ್ಡೆ ಬೆಳೆಗಳಷ್ಟು ಗೊಬ್ಬರ ಬೇಡುವುದಿಲ್ಲ. ನೀರು ನಿಲ್ಲುವ ಜಾಗ ಯಾವುದಕ್ಕೂ ಆಗದು.

ಬೀಜ ನೋಡಿ ಜಾತಿ ಹೇಳುವುದು

ಗೆಡ್ಡೆ ಕಾಣುವುದು ತಿಂಗಳುಗಳ ನಂತರ. ಬೀಜ ಕೈಯಲ್ಲಿರುವಾಗಲೇ ಒಂದಿಷ್ಟು ತಿಳಿಯಬಹುದು. ಇರೋಸಸ್ ಬೀಜ ಚಪ್ಪಟೆ, ಚೌಕ ಅಥವಾ ಚೌಕದ ಮೂಲೆ ಸವೆದಂತಿರುವ ಗುಂಡು. ಬಣ್ಣ ಹಸಿರುಗಂದು, ಕಂದು, ಕೆಂಗಂದು. ಟ್ಯೂಬರೋಸಸ್ ಬೀಜ ಮೂತ್ರಪಿಂಡದ ಆಕಾರದ್ದು, ದೊಡ್ಡದು. ಕಪ್ಪು, ಕಿತ್ತಳೆಗೆಂಪು, ಇಲ್ಲವೇ ಕಪ್ಪು ಬಿಳುಪಿನ ಮಚ್ಚೆ. ಅಹಿಪಾ ಬೀಜ ದುಂಡಗೆ, ಕಪ್ಪು ಅಥವಾ ಮಚ್ಚೆಯುಳ್ಳದ್ದು. ಚುಯಿನ್ ಎಂದು ಹೇಳಿ ಕೊಟ್ಟ ಪೊಟ್ಟಣದಲ್ಲಿ ಚಪ್ಪಟೆ ಕಂದು ಚೌಕಗಳಿದ್ದರೆ ನಿಮಗೆ ಬಂದಿರುವುದು ಸಾಮಾನ್ಯ ಜಿಕಾಮ. ಆದರೆ ಗೆಡ್ಡೆಯ ಬಣ್ಣ, ರಸ, ಒಣ ಅಂಶ ಯಾವುದನ್ನೂ ಬೀಜ ಹೇಳುವುದಿಲ್ಲ.

ನಾಟಿ ತಳಿ ಎಂದರೆ ಒಂದೇ ಅಚ್ಚಿನ ಗಿಡಗಳಲ್ಲ. ಒಂದೇ ಪೊಟ್ಟಣದ ಬೀಜದಿಂದ ಗುಂಡನೆಯದೂ ಕವಲೊಡೆದದ್ದೂ ಬರಬಹುದು. ಅದನ್ನು ದೋಷವೆಂದು ಎಸೆಯುವುದು ತಪ್ಪು. ಮುಂದಿನ ವರ್ಷಗಳ ಆಯ್ಕೆಗೆ ಬಂಡವಾಳ ಅದೇ. ಲೀಮಾದ ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರದ ತಳಿವಿಜ್ಞಾನಿಗಳು ಯಾಮ್‌ಬೀನ್ ಕಡೆ ಗಮನ ಹರಿಸಿದ್ದು ಈ ವೈವಿಧ್ಯಕ್ಕಾಗಿಯೇ. ಮೂರು ಜಾತಿಗಳ ನಡುವೆ ಸಂಕರ ಸಾಧ್ಯ, ಸಂಕರ ಗಿಡಗಳು ಬೀಜವನ್ನೂ ಕಟ್ಟುತ್ತವೆ. ಚುಯಿನ್‌ನ ಹಿಟ್ಟನ್ನು ಹೆಚ್ಚು ಇಳುವರಿಯ ಗಿಡಗಳಿಗೆ ತರುವುದು ಅವರ ಗುರಿಗಳಲ್ಲೊಂದು. ಮರಗೆಣಸನ್ನೇ ನಂಬಿರುವ ಆಫ್ರಿಕದ ಪ್ರದೇಶಗಳಿಗೆ ಅಂಥ ಗೆಡ್ಡೆ ಬಹಳ ಉಪಯೋಗಿ. ಮನೆಮಟ್ಟದಲ್ಲಿ ಬೆಳೆಯುವವರು ಇದೇ ಸಂಗತಿಯನ್ನು ತಿರುಗಿಸಿ ನೋಡಬೇಕು: ಚುಯಿನ್ ಮತ್ತು ಜಿಕಾಮವನ್ನು ಅಕ್ಕಪಕ್ಕ ಬೆಳೆದು ಬೀಜ ಹಿಡಿದರೆ, ಜೇನುನೊಣದ ಓಡಾಟದಿಂದ ತಳಿ ಬೆರೆಯಬಹುದು. ಒಂದು ಜಾಗದಲ್ಲಿ ಬೀಜಕ್ಕೆ ಒಂದೇ ಬಗೆಯನ್ನು ಹೂ ಬಿಡಲು ಬಿಡಿ.

ಹಾಗಾದರೆ ಯಾರಿಗೆ ಯಾವುದು

ಹಸಿಯಾಗಿ ತಿನ್ನಲು, ಬಿಸಿಲಿನ ನಾಡಿನಲ್ಲಿ, ಮುಂಗಾರಿನ ಆರಂಭಕ್ಕೆ ಬಿತ್ತುವವರು ಇರೋಸಸ್‌ನ ಚಿಕ್ಕ ಸ್ಥಳೀಯ ಬಗೆಯನ್ನು ಆರಿಸಿ. ಅದು ಸಿಗದಿದ್ದರೆ ನೀರಿನ ಜಿಕಾಮ. ತಂಪಾದ ಎತ್ತರದ ಜಾಗ, ಉದ್ದ ಹಗಲು, ಕಡಿಮೆ ಜಾಗ ಇದ್ದರೆ ಅಹಿಪಾ. ಬೇಯಿಸಿ ಊಟಕ್ಕೆ ಬಳಸುವ, ಹಿಟ್ಟು ಮಾಡುವ ಉದ್ದೇಶವಿದ್ದರೆ ಚುಯಿನ್ ಬಿಟ್ಟು ಬೇರೆ ಯಾವುದಕ್ಕೂ ಶ್ರಮ ಹಾಕಬೇಡಿ. ಅದರ ಬೀಜ ಸಿಗುವುದು ಕಷ್ಟ, ಕಾದರೂ ಸರಿ.

ಕೂಡಿಡುವ ಯೋಚನೆಯಿದ್ದರೆ, ಗೆಡ್ಡೆಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಿರುಳು ಕಂದಾಗಿ ಕೊಳೆಯುತ್ತದೆ. 12ರಿಂದ 15 ಡಿಗ್ರಿಯ ಒಣ ಜಾಗದಲ್ಲಿ ಗಾಯವಿಲ್ಲದ ಗೆಡ್ಡೆ ತಿಂಗಳುಗಟ್ಟಲೆ ಇರುತ್ತದೆ.

ಒಮ್ಮೆ ಬೆಳೆದ ಮೇಲೆ ಒಂದು ತೊಡಕು ಎದುರಾಗುತ್ತದೆ. ಬೀಜಕ್ಕೆ ಬಿಟ್ಟ ಗಿಡದ ಗೆಡ್ಡೆ ಸೊರಗಿರುತ್ತದೆ, ಅದರ ನಿಜವಾದ ಗುಣ ಕಾಣುವುದಿಲ್ಲ. ಹೂ ಚಿವುಟಿದ ಗಿಡದ ಗೆಡ್ಡೆ ಚೆನ್ನಾಗಿರುತ್ತದೆ, ಅದರಲ್ಲಿ ಬೀಜವಿರುವುದಿಲ್ಲ. ಇದಕ್ಕೆ ಪರಿಹಾರ ಸುಲಭ. ಕಿತ್ತ ರಾಶಿಯಲ್ಲಿ ಆಕಾರ, ಸಿಪ್ಪೆ, ಬಿರುಕಿಲ್ಲದ ಮೈ ನೋಡಿ ಹತ್ತು ಹನ್ನೆರಡು ಗೆಡ್ಡೆಗಳನ್ನು ತೆಗೆದಿರಿಸಿ. ಪ್ರತಿಯೊಂದರ ಕೆಳತುದಿಯಿಂದ ಚೂರು ಕೊಯ್ದು ರುಚಿ ನೋಡಿ, ತುರಿದು ಒಣಗಿಸಿ ತೂಗಿ. ಕೊಯ್ದ ಜಾಗಕ್ಕೆ ಬೂದಿ ಸವರಿ ಆರಲು ಬಿಡಿ. ಗೆದ್ದವುಗಳನ್ನು ಮುಂದಿನ ಹಂಗಾಮಿಗೆ ತಲೆ ಮೇಲಾಗಿ ಮತ್ತೆ ನೆಡಿ. ಯಾಮ್‌ಬೀನ್ ಬಹುವಾರ್ಷಿಕ ಸಸ್ಯ, ತಲೆಯ ಭಾಗದಿಂದ ಚಿಗುರುತ್ತದೆ. ಆ ಬಳ್ಳಿಯ ಹೂವನ್ನು ಮುಟ್ಟದೆ ಬಿಟ್ಟು, ಕಾಯಿ ಒಣಗಿದ ಮೇಲೆ ಬೀಜ ಬಿಡಿಸಿ, ಮಕ್ಕಳ ಕೈಗೆ ಸಿಗದಂತೆ, ತಿನ್ನುವ ಕಾಳುಗಳ ಡಬ್ಬಿಗಳಿಂದ ದೂರ, ತಳಿಯ ಹೆಸರೂ ಒಣ ಅಂಶದ ತೂಕವೂ ಬರೆದ ಚೀಟಿಯೊಂದಿಗೆ ಕಟ್ಟಿಡಿ.